ಪಡುವಣ ಅಗಸಿಯ ಎತ್ತರ

2024ನೆಯ ಇಸವಿ ಜುಲೈ ಏಳು, ಭಾನುವಾರ. ನಾರಾಯಣಪೇಟೆಯ ಮಠದ ಪಡಸಾಲೆಯಲ್ಲಿ ತಮ್ಮನ್ನು ಬಿಟ್ಟು ಮೂವತ್ತೊಂದು ಜನ ಕುಳಿತಿರುವುದನ್ನು ಕರಿಬಸಯ್ಯನವರು ಎಣಿಸಿಕೊಂಡರು. ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು ಅವರು. ಹಾಜರಿ ನೋಡದೆ ಮಾತು ಆರಂಭಿಸುವ ಅಭ್ಯಾಸ ಅವರಿಗಿರಲಿಲ್ಲ.

ಸಭೆಯ ಮುಂದಿದ್ದ ವಿಷಯ ಒಂದೇ. ಸಮಾಜದ ಜಿಪ್ಸಿಗೆ ಯಾವ ಟೈರು ಹಾಕಿಸಬೇಕು?

ಆ ಜಿಪ್ಸಿಯನ್ನು ಮಿಲಿಟರಿಯವರ ಹರಾಜಿನಲ್ಲಿ ಕೊಂಡು ತಂದಿದ್ದರು. ಹಗುರವಾದ ಗಾಡಿ, ನಾಲ್ಕು ಗಾಲಿಗಳೂ ಎಳೆಯುತ್ತವೆ. ಹಿಂದಿನ ಸೀಟು ಕಿತ್ತು, ತಗಡಿನ ಹಾಸು ಹಾಕಿಸಿ, ಶವ ಒಯ್ಯುವುದಕ್ಕೆಂದು ಇಟ್ಟುಕೊಂಡಿದ್ದರು. ಅವರ ಸಮಾಜದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಮಾನು, ಕಳಸಗಳಿರುವ ವಿಮಾನದಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಒಯ್ಯುತ್ತಾರೆ. ಹೊಸ್ತಿಲು ದಾಟಿದ ವಿಮಾನ ಗುಂಡಿಯ ಬಳಿ ಸೇರುವವರೆಗೆ ನೆಲ ಮುಟ್ಟಬಾರದು. ಊರಿನ ಕಲ್ಲಿನ ಹೆಬ್ಬಾಗಿಲಾದ ಪಡುವಣ ಅಗಸಿಯೊಂದನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಬಾರದು. ಅಗಸಿಯ ಆಚೆ ಹಳ್ಳ, ಹಳ್ಳದ ಆಚೆ ರುದ್ರಭೂಮಿ. ಮಧ್ಯದ್ದೆಲ್ಲ ಎರೆ ಭೂಮಿ. ಮಳೆ ಬಿದ್ದರೆ ಮೊಣಕಾಲುದ್ದ ರಾಡಿ.

ಹಿಂದಿನ ಮಳೆಗಾಲದಲ್ಲಿ ಆ ರಾಡಿಯಲ್ಲೇ ಕರಿಬಸಯ್ಯನವರ ತಮ್ಮನ ವಿಮಾನ ಉರುಳಿತ್ತು. ಹೊತ್ತವರು ಅರವತ್ತು ದಾಟಿದವರು. ಹರೆಯದವರೆಲ್ಲ ಹೈದರಾಬಾದು, ಪುಣೆ ಎಂದು ದುಡಿಯಲು ಹೋಗಿದ್ದರು. ಒಬ್ಬನ ಕಾಲು ಜಾರಿತು, ಉಳಿದವರು ತಡೆಯಲಾರದೆ ಹೋದರು. ತಮ್ಮನ ದೇಹ ಮುಖ ಕೆಳಗಾಗಿ ಬಿತ್ತು. ವಿಭೂತಿ ಹಚ್ಚಿದ ಹಣೆಯಿಂದ ಕೆಸರನ್ನು ಒರೆಸಿದವರು ಕರಿಬಸಯ್ಯನವರೇ. ಇನ್ನೊಬ್ಬರ ಮನೆಯವರು ಇದನ್ನು ಕಾಣಬಾರದೆಂದು ಅಂದೇ ನಿಶ್ಚಯಿಸಿದರು. ಗಾಡಿಯ ಮಾತು ತೆಗೆದವರೂ ಅವರೇ. ಗಾಡಿ ಬಂತು. ಆದರೆ ಅದರ ಕಾಲಲ್ಲಿ ಸವೆದ, ಕಿರಿದಾದ ಹಳೆಯ ಟೈರುಗಳಿದ್ದವು.

"ಎರಡು ಮೂವತ್ತೈದು ಹಾಕಿಸೋದು," ಎಂದು ಕರಿಬಸಯ್ಯನವರು ಆರಂಭಿಸಿದರು. "ಈಗಿರೋದು ಎರಡು ಐದು. ಅಂದ್ರ ಅಗಲ ಇನ್ನೂರ ಐದು ಮಿಲಿಮೀಟರ್. ಹೊಸಾದು ಮೂವತ್ತು ಜಾಸ್ತಿ ಅಗಲ. ಗಾಡಿ ಹಗುರ ಐತಿ. ಹಗುರ ಗಾಡಿಗೆ ಅಗಲ ಟೈರು ಹಾಕಿದ್ರ ಭಾರ ಹರವಿಕೊಂಡು ಬೀಳ್ತೈತಿ, ರಾಡ್ಯಾಗ ಇಳಿಯಂಗಿಲ್ಲ. ಕಲ್ಲು, ಕೆಸರು, ಡಾಂಬರು ಎಲ್ಲಾದಕ್ಕೂ ನಡಿಯೋ ಆಲ್ ಟೆರೇನ್ ಹಲ್ಲು ಇರಬೇಕು. ಗಾಡಿ ಒಂದೂಕಾಲು ಇಂಚು ಎತ್ತರ ಆಗ್ತೈತಿ. ಹಳ್ಳದ ಕಲ್ಲು ತಳಕ್ಕ ಬಡಿಯಂಗಿಲ್ಲ."

ಯಾರೂ ಎದುರು ಹೇಳಲಿಲ್ಲ. ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿ ಸಂಗಮ್ಮ ಮಾತ್ರ ಬಾಯಿ ಬಿಟ್ಟಳು.

"ಮೊದಲ್ನೇ ಸವಾರಿ ನಂದೇ ಇರಬೇಕ್ರಿ ಮಾಸ್ತರ್ರ. ಟೈರು ಮೆತ್ತನ್ನವು ಹಾಕಸ್ರಿ. ನನ್ನ ಸೊಂಟ ಮೊದಲ ಸರಿ ಇಲ್ಲ."

ಜನ ನಕ್ಕರು. ಸಮಾಜದ ಅಧ್ಯಕ್ಷ ಶಿವಕಾಂತ, "ನಿನ್ನ ಸಲುವಾಗಿ ಗಾದಿ ಹಾಕಸ್ತೀವಿ ಯವ್ವಾ, ಗಡಿಬಿಡಿ ಮಾಡಬ್ಯಾಡ," ಎಂದ.

ಆಗ ಸಂಗಮ್ಮನ ಮಗಳು ಬಸವೇಶ್ವರಿ ಎದ್ದು ನಿಂತಳು. ಸೀರೆಯ ಅಂಗಡಿ ನಡೆಸುವವಳು, ಸಮಾಜದ ಕಾರ್ಯದರ್ಶಿ. ತಾಯಿ ಮಗಳು ಇಬ್ಬರೇ ಪಡುವಣ ಅಗಸಿಗೆ ಅಂಟಿಕೊಂಡ ಮನೆಯಲ್ಲಿದ್ದರು. ಒಂದು ಕಾಲದಲ್ಲಿ ಆಕೆ ಕರಿಬಸಯ್ಯನವರ ವಿದ್ಯಾರ್ಥಿನಿ.

"ಸರ, ಎರಡು ಹದಿನೈದು ಸಾಕಾಗಬಹುದು ಅಂತ ನನಗ ಅನಸ್ತೈತಿ. ಇಷ್ಟು ಹಗುರ ಗಾಡಿಗೆ ಅಷ್ಟು ದೊಡ್ಡ ಗಾಲಿ ಹಾಕಿದ್ರ ಎಳಿಯೋದು ಕಷ್ಟ, ಬ್ರೇಕ್ ತಡ. ಮತ್ತ ಎತ್ತರದ ಮಾತು ಬಂತು ಅಂದ್ರ, ಅಗಸಿ ಒಮ್ಮೆ ಅಳಿಯೂಣ್ರಿ. ನಮ್ಮ ಮನಿ ಮುಂದ—"

"ಅಗಸಿ ಹತ್ತೂವರಿ ಫೂಟು!" ಕರಿಬಸಯ್ಯನವರು ಕೈ ಎತ್ತಿ ತಡೆದರು. "ನಂಗ ಅಗಸಿ ಅಳಿಯಾಕ ಹೇಳ್ತೀಯೇನು? ಎಷ್ಟು ವರ್ಷ ಅದರ ಲೆಕ್ಕ ಕೊಟ್ಟೀನಿ ನಿಮಗೆಲ್ಲಾ! ಹತ್ತೂವರಿ ಫೂಟಿನ ಅಗಸಿ, ನಾಲ್ಕು ಫೂಟಿನ ಬಂಡಿ, ಅದರ ಮ್ಯಾಗ ಎಷ್ಟು ಎತ್ತರ ಕಣಿಕಿ ಹೇರಬಹುದು? ಇಲ್ಲಿ ಕುಂತ ಅರ್ಧ ಮಂದಿ ಅದನ್ನ ಮಾಡಿ ಪಾಸಾದೋರು. ಈಕಿ ಒಬ್ಬಾಕಿ ಆರು ಅಂತ ಬರದಿದ್ಲು. ಉಳಿದ ಅರ್ಧ ಫೂಟು ಎಲ್ಲಿ ಹೋತವ್ವಾ ಅಂದ್ರ, 'ಇರ್ಲಿ ಬಿಡ್ರಿ ಸರ' ಅಂದ್ಲು. ಸೊನ್ನಿ ಕೊಟ್ಟಿದ್ದೆ. ಇವತ್ತಿಗೂ ಆ ಅರ್ಧ ಫೂಟು ಹುಡುಕ್ಯಾಡಾಕ ಹತ್ತ್ಯಾಳ."

ಪಡಸಾಲೆ ತುಂಬ ನಗೆ ಎದ್ದಿತು. ಕರಿಬಸಯ್ಯನವರೂ ನಕ್ಕರು. ಅವರು ನಗುವುದು ಅಪರೂಪವಾದ್ದರಿಂದ ಜನ ಇನ್ನೂ ಹೆಚ್ಚು ನಕ್ಕರು. ಬಸವೇಶ್ವರಿಯ ಕಿವಿ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ಕುಳಿತಳು.

ನಗದೆ ಉಳಿದವಳು ಸಂಗಮ್ಮ. "ಆಕಿ ಮಾತು ಮುಗಿದಿಲ್ರಿ ಮಾಸ್ತರ್ರ," ಎಂದಳು. ನಗೆಯಲ್ಲಿ ಆ ಮಾತು ಮಗಳ ಹೊರತು ಇತರರಿಗೆ ಕೇಳಲಿಲ್ಲ. ಕರಿಬಸಯ್ಯನವರಿಗೆ ಕೇಳಿತ್ತು.

ಮಂಗಳವಾರ ಅವರು ಡ್ರೈವರ್ ತಾಯಣ್ಣನೊಡನೆ ಗದ್ವಾಲಕ್ಕೆ ಹೋದರು. ಟೈರಿನ ಅಂಗಡಿಯ ನರೇಂದರ್ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ.

"ಏಂ ಸಾರ್, ಜಿಪ್ಸಿಗೆ ಎರಡು ಮೂವತ್ತೈದಾ? ಸಣ್ಣ ಹುಡುಗನ ಕಾಲಿಗೆ ಪೊಲೀಸ್ ಬೂಟು ಹಾಕಿದಂಗ ಆಗ್ತೈತಿ."

"ಬೂಟಿನ ಮಾತು ಬಿಡು. ಎರಡು ಮೂವತ್ತೈದರ ಮುಂದ ಓರೆ ಗೀಟು ಎಳದು ಎಪ್ಪತ್ತೈದು ಅಂತ ಬರದೈತಲ್ಲ, ಅದೇನು ಹೇಳು."

"ಸೈಜು ಸಾರ್."

"ಸೈಜಲ್ಲ, ಶೇಕಡಾ. ಅಗಲದ ಶೇಕಡಾ ಎಪ್ಪತ್ತೈದರಷ್ಟು ಗೋಡಿ ಎತ್ತರ ಐತಿ ಅಂತ ಅರ್ಥ. ಹಂಗಾದ್ರ ಗೋಡಿ ಎಷ್ಟು ಎತ್ತರ ಆತು?"

ನರೇಂದರ್ ತಾಯಣ್ಣನ ಕಡೆ ತಿರುಗಿದ. "ಅಣ್ಣಾ, ಸಾರು ಟೈರು ಕೊಳ್ಳಾಕ ಬಂದಾರೋ, ಇಸ್ಕೂಲ್ ತೆರಿಯಾಕ ಬಂದಾರೋ?"

"ಲೆಕ್ಕ ಹೇಳು, ಇಲ್ಲಾಂದ್ರ ಮೊಣಕಾಲ ಮ್ಯಾಗ ಕುಂದರಸ್ತಾರ," ಎಂದ ತಾಯಣ್ಣ.

ನರೇಂದರ್ ಎರಡು ಹದಿನೈದರ ಒಂದು ಜೊತೆಯನ್ನೂ ಉರುಳಿಸಿಕೊಂಡು ಬಂದು ಪಕ್ಕಕ್ಕೆ ನಿಲ್ಲಿಸಿದ. ಹಲ್ಲು ಅದೇ, ಕಂಪನಿ ಅದೇ. ಅಗಲ, ಎತ್ತರ ಸ್ವಲ್ಪ ಕಡಿಮೆ. ಕರಿಬಸಯ್ಯನವರು ಎರಡನ್ನೂ ಅಂಗೈಯಿಂದ ಒತ್ತಿ ನೋಡಿದರು. ಸಣ್ಣದರ ಮೇಲೆ ಕೈಯಿಟ್ಟಾಗ ಕೆಸರು ಮೆತ್ತಿದ ಹಣೆಯೊಂದು ಅವರ ಕಣ್ಣಿಗೆ ಕಟ್ಟಿತು. ಅದರ ಜೊತೆಗೆ, ಸಣ್ಣದನ್ನು ಕೊಂಡರೆ ಬಸವೇಶ್ವರಿಯ ಮಾತು ಕೇಳಿದಂತಾಗುತ್ತದೆ ಎಂಬುದೂ ಹೊಳೆಯಿತು. ಮೊದಲನೆಯದನ್ನು ಅವರು ಕಾರಣವೆಂದು ಎಣಿಸಿದರು. ಎರಡನೆಯದನ್ನು ಎಣಿಸಲಿಲ್ಲ.

"ದೊಡ್ಡವೇ ಹಾಕು."

"ಸರೇ ಸಾರ್, ಮೀ ಇಷ್ಟಂ," ಎಂದು ನರೇಂದರ್ ಜಾಕಿ ತರಿಸಿದ.

ಹಾಕಿದ ಮೇಲೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಹಿಂದಿರುಗುವಾಗ ಮಕ್ತಲದಲ್ಲಿ ಸ್ಪ್ರಿಂಗ್ ಪಟ್ಟಿಗಳಿಗೆ ಉದ್ದನೆಯ ಕೊಂಡಿ ಹಾಕಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಬೇಕಾಯಿತು. ಮೆಕ್ಯಾನಿಕ್ ಕೆಲಸ ಮಾಡುತ್ತಿದ್ದಾಗ ಕರಿಬಸಯ್ಯನವರು ಬೆಂಚಿನ ಮೇಲೆ ಕುಳಿತು ಹೊಸದಾಗಿ ಕೂಡಿದರು. ಹಳೆಯ ಟೈರಿನ ಮೇಲೆ ಗಾಡಿಯ ಹಾಸು, ಅದರ ಮೇಲೆ ಮಠದ ಕಬ್ಬಿಣದ ವಿಮಾನ, ಕಳಸದ ತುದಿಯವರೆಗೆ ಒಂಬತ್ತು ಅಡಿ ಹತ್ತು ಇಂಚು. ಟೈರಿನಿಂದ ಒಂದೂಕಾಲು ಇಂಚು, ಕೊಂಡಿಯಿಂದ ಎರಡು. ಒಟ್ಟು ಹತ್ತು ಅಡಿ ಒಂದೂಕಾಲು ಇಂಚು. ಅಗಸಿ ಹತ್ತೂವರೆ ಅಡಿ. ನಾಲ್ಕು ಇಂಚಿನ ಮೇಲೆ ಮುಕ್ಕಾಲು ಉಳಿಯಿತು. ಕೂಡಿದ್ದರಲ್ಲಿ ತಪ್ಪಿರಲಿಲ್ಲ.

ವಿಮಾನವನ್ನು ಗಾಡಿಯ ಮೇಲೆ ಇಟ್ಟೇ ನೋಡಿದ್ದರೆ ಎಲ್ಲವೂ ಅಂದೇ ತಿಳಿಯುತ್ತಿತ್ತು. ಆದರೆ ಸಾವಿಲ್ಲದ ದಿನ ಬರಿದಾದ ವಿಮಾನವನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಅದು ಓಣಿಯಲ್ಲಿ ಒಬ್ಬರ ಜೀವ ಕೇಳುತ್ತದೆ ಎಂಬ ನಂಬಿಕೆ. ಆದ್ದರಿಂದ ಮಠದ ಕತ್ತಲೆ ಕೋಣೆಯಲ್ಲಿ, ಅದು ಇದ್ದಲ್ಲೇ ಟೇಪು ಹಿಡಿದು ಅಳೆದಿದ್ದರು. ಗಾಡಿಯನ್ನು ಬೇರೆ ಅಳೆದಿದ್ದರು. ಅಗಸಿಯನ್ನು ಅಳೆಯಲಿಲ್ಲ. ಅದು ಬಾಯಿಪಾಠವಾಗಿತ್ತು.

ಮೊದಲ ದೊಡ್ಡ ಮಳೆಗೆ ತಾಯಣ್ಣ ಖಾಲಿ ಗಾಡಿಯನ್ನು ಹಳ್ಳದ ರಾಡಿಗೆ ಇಳಿಸಿ, ದಾಟಿಸಿ, ಹಿಂದಕ್ಕೆ ತಂದ. ಊರಿನ ಅರ್ಧ ಜನ ದಂಡೆಯ ಮೇಲೆ ನಿಂತು ನೋಡಿದರು. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

"ಹೆಂಗೈತಿ?" ಎಂದು ಕರಿಬಸಯ್ಯನವರು ಕೇಳಿದರು.

"ಎಮ್ಮಿ ಆಗೈತ್ರಿ ಅಯ್ಯನೋರ. ರಾಡ್ಯಾಗ ಖುಷಿ, ರಸ್ತಾದಾಗ ಹಟ. ಸ್ಟೀರಿಂಗ್ ತಿರವಾಕ ಎರಡು ರೊಟ್ಟಿ ಜಾಸ್ತಿ ತಿನ್ನಬೇಕು. ಬ್ರೇಕ್ ಒತ್ತಿದ ಮ್ಯಾಗ ಒಂದು ಗೇಣು ಮುಂದ ಹೋಗಿ ನಿಂದರತೈತಿ."

"ನಡಕೊಂಡು ಹೋಗೋ ಮಂದಿ ಹಿಂದ ಹೋಗೋ ಗಾಡಿ. ಅದಕ್ಕ ಬ್ರೇಕ್ ಯಾಕ?"

ಗಾಡಿ ಅಗಸಿಯೊಳಗಿಂದ ಬರುವಾಗ ಬಸವೇಶ್ವರಿ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಗಾಡಿಯನ್ನೊಮ್ಮೆ, ಅಗಸಿಯ ಮೇಲಿನ ಅಡ್ಡಗಲ್ಲನ್ನೊಮ್ಮೆ ನೋಡಿದಳು. ಆ ನೋಟ ಕರಿಬಸಯ್ಯನವರ ಕಣ್ಣಿಗೆ ಬಿತ್ತು. ಅವರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡರು.

ಸೆಪ್ಟೆಂಬರಿನ ಮೊದಲ ವಾರ ಸಂಗಮ್ಮ ತೀರಿಕೊಂಡಳು. ಬೆಳಗಿನ ಪೂಜೆಗೆ ಕುಳಿತವಳು ಏಳಲಿಲ್ಲ. ಮೂರು ದಿನದಿಂದ ಬಿಡದೆ ಮಳೆ ಸುರಿಯುತ್ತಿತ್ತು. "ಗಾಡಿ ಇರದಿದ್ರ ಇವತ್ತು ಗತಿ ಏನಿತ್ರಿ ಮಾಸ್ತರ್ರ," ಎಂದು ಬಂದವರು ಒಬ್ಬೊಬ್ಬರೂ ಹೇಳಿದರು. ಆ ಮಾತು ಕರಿಬಸಯ್ಯನವರಿಗೆ ಹಿತವಾಗಿತ್ತು. ಸತ್ತವಳ ಮನೆಯ ಅಂಗಳದಲ್ಲಿ ನಿಂತು ಹಿತಪಟ್ಟದ್ದು ಆಮೇಲೆ ಅವರಿಗೆ ಬಹಳ ದಿನ ನೆನಪಿನಲ್ಲಿ ಉಳಿಯಿತು.

ವಿಮಾನವನ್ನು ಹೊಸ್ತಿಲ ಒಳಗಿನಿಂದಲೇ ಎತ್ತಿ ಗಾಡಿಯ ಮೇಲೆ ಇಟ್ಟರು. ಸಂಗಮ್ಮನನ್ನು ಬೆನ್ನ ಹಲಗೆಗೆ ಸೇರಿಸಿ ಬಿಳಿ ಬಟ್ಟೆಯಿಂದ ಕಟ್ಟಿದ್ದರು. ಹಸಿರು ಬಣ್ಣದ ನಾರಾಯಣಪೇಟೆ ಸೀರೆ, ಹಣೆಯ ತುಂಬ ವಿಭೂತಿ. ಬಸವೇಶ್ವರಿ ಗಾಡಿಯ ಹಾಸಿನ ಮೇಲೆ ತಾಯಿಯ ಪಾದದ ಬಳಿ ಕುಳಿತಳು. ಕರಿಬಸಯ್ಯನವರು ಛತ್ರಿಯಿಲ್ಲದೆ ಮುಂದಿನ ಗಾಲಿಯ ಪಕ್ಕದಲ್ಲಿ ನಡೆದರು. ಭಜನೆಯವರು ತಾಳ ಹಾಕುತ್ತ ಅಗಸಿಯನ್ನು ದಾಟಿ ಆಚೆ ಹೋದರು.

ತಾಯಣ್ಣ ಗಾಡಿಯನ್ನು ಅಗಸಿಯ ಕೆಳಗೆ ತಂದ.

ಕಳಸ ಕಲ್ಲಿಗೆ ಬಡಿದ ಸದ್ದು ತಾಳದ ಸದ್ದನ್ನು ಮೀರಿ ಕೇಳಿಸಿತು. ತಾಯಣ್ಣ ಬ್ರೇಕ್ ಒತ್ತಿದ. ಗಾಡಿ ಒಂದು ಗೇಣು ಮುಂದೆ ಹೋಗಿ ನಿಂತಿತು. ಆ ಒಂದು ಗೇಣಿನಲ್ಲಿ ವಿಮಾನ ಹಿಂದಕ್ಕೆ ಬಾಗಿತು, ಹಲಗೆಗೆ ಕಟ್ಟಿದ ಬಟ್ಟೆ ಸಡಿಲಿತು, ಸಂಗಮ್ಮ ಕುಳಿತಲ್ಲಿಂದ ಮುಂದಕ್ಕೆ ಜಾರಿದಳು. ಬಸವೇಶ್ವರಿ ಎರಡೂ ಕೈಗಳಿಂದ ತಾಯಿಯ ಮೊಣಕಾಲುಗಳನ್ನು ತಬ್ಬಿ ಹಿಡಿದಳು. ತಾಯಿಯ ತಲೆ ಮಗಳ ಹೆಗಲ ಮೇಲೆ ಬಂದು ನಿಂತಿತು. ವಿಭೂತಿ ಮಗಳ ಕುಪ್ಪಸಕ್ಕೆ ಹತ್ತಿತು. ಹಾರ ಕಳಚಿ ಗಾಲಿಯ ಬಳಿ ಬಿತ್ತು.

"ಯವ್ವಾ!" ಎಂದು ಬಸವೇಶ್ವರಿ ಕೂಗಿದಳು. ಬದುಕಿದ್ದವಳನ್ನು ಕೂಗುವಂತೆ ಕೂಗಿದಳು.

"ಹಿಂದಕ್ಕ ತಗೋ, ಹಿಂದಕ್ಕ!" ಎಂದು ಯಾರೋ ಅರಚಿದರು.

"ಹೊಂಟ ವಿಮಾನ ಮನಿಕಡೆ ತಿರುಗಂಗಿಲ್ಲ," ಎಂದ ಶಿವಕಾಂತ. "ಕಳಸ ಬಿಡಸ್ಕೊಳ್ಳೋ ಅಷ್ಟು ಸರಸು, ಸಾಕು."

ಗಾಡಿ ಒಂದು ಮೊಳ ಹಿಂದೆ ಸರಿದು ನಿಂತಿತು. ಹೆಂಗಸರು ಮೇಲೆ ಹತ್ತಿ ಸಂಗಮ್ಮನನ್ನು ಮತ್ತೆ ಹಲಗೆಗೆ ಸೇರಿಸಿ ಕಟ್ಟಿದರು. ಗುಂಪಿನ ಹಿಂದಿನಿಂದ ಒಬ್ಬ, "ಮಾಸ್ತರ್ರ ಲೆಕ್ಕ ಕಲ್ಲಿಗೆ ಬಡೀತು," ಎಂದ. ಹೆಚ್ಚು ಜನ ನಗಲಿಲ್ಲ. ನಕ್ಕಿದ್ದರೆ ಅದನ್ನು ತಾಳಿಕೊಳ್ಳುವುದು ಕರಿಬಸಯ್ಯನವರಿಗೆ ಸುಲಭವಾಗುತ್ತಿತ್ತು.

"ಗಾಳಿ ಬಿಡೂಣು," ಎಂದರು ಅವರು. "ಟೈರು ತಗ್ಗತಾವ."

ಇನ್ನೊಬ್ಬರು ಬಾಗುವ ಮೊದಲೇ ತಾವೇ ಮುಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಜೇಬಿನ ಪೆನ್ನಿನ ತುದಿಯಿಂದ ವಾಲ್ವನ್ನು ಒತ್ತಿದರು. ಗಾಳಿ ಬುಸುಗುಟ್ಟುತ್ತ ಹೊರಬಂತು. ಮಳೆ ಬೆನ್ನಿನ ಮೇಲೆ ಸುರಿಯಿತು. ತಲೆಯ ಮೇಲ್ಗಡೆ ಸಂಗಮ್ಮ ಕಾಯುತ್ತಿದ್ದಳು; ಸುತ್ತಲೂ ಅವರಿಂದ ಲೆಕ್ಕ ಕಲಿತವರು ನಿಂತಿದ್ದರು.

ಹಾಗೆ ಕುಳಿತಾಗ ಅಗಸಿಯ ಕಂಬದ ಬುಡ ಅವರ ಕಣ್ಣಿನ ನೇರಕ್ಕೆ ಬಂತು. ಅಲ್ಲಿ ಕಲ್ಲಿನಲ್ಲಿ ಕಡೆದ ಒಂದು ಸಣ್ಣ ನಂದಿಯಿತ್ತು. ಬಹಳ ಹಿಂದೆ, ಕೆಲಸಕ್ಕೆ ಸೇರಿದ ವರ್ಷ, ಆ ನಂದಿಯ ಪಾದದಿಂದ ಅಡ್ಡಗಲ್ಲಿನವರೆಗೆ ತಾವೇ ದಾರ ಹಿಡಿದು ಅಳೆದಿದ್ದರು. ಹತ್ತೂವರೆ ಅಡಿ ಆಗಲೇ ಬಂದದ್ದು. ಈಗ ನಂದಿಗೆ ಪಾದಗಳಿರಲಿಲ್ಲ. ಹೊಟ್ಟೆಯವರೆಗೆ ಸಿಮೆಂಟಿನಲ್ಲಿ ಹೂತಿತ್ತು. ಸಿಮೆಂಟಿನ ರಸ್ತೆಯ ಮೇಲೆ ಮತ್ತೊಮ್ಮೆ ಸಿಮೆಂಟಿನ ರಸ್ತೆ ಹಾಕಿದ್ದರು. ಎರಡು ಪದರಗಳೂ ಕಂಬದ ಬಳಿ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಅವರು ಗೇಣು ಹಾಕಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಅರ್ಧ ಅಡಿ.

ಆ ರಸ್ತೆ ಹಾಕುವಾಗಲೂ, ಆಮೇಲೂ, ಅವರು ದಿನವೂ ಆ ಅಗಸಿಯಲ್ಲಿ ಓಡಾಡಿದವರು.

"ಸಾಕ್ರಿ ಅಯ್ಯನೋರ," ಎಂದು ತಾಯಣ್ಣ ಮೆಲ್ಲಗೆ ಹೇಳಿದ. "ಇನ್ನ ಬಿಟ್ರ ರಿಮ್ಮಿನ ಮ್ಯಾಗ ಕುಂದರತೈತಿ. ಅರ್ಧ ಇಂಚು ತಗ್ಗೈತಿ ಅಷ್ಟ. ಕಳಸ ಇನ್ನೂ ಸಿಗ್ತೈತಿ. ಬೆಸಗಿ ಹಾಕಿದ್ದು ಅದು, ಬಿಚ್ಚಾಕ ಬರಂಗಿಲ್ಲ."

ಒಂದೇ ದಾರಿ ಉಳಿದಿತ್ತು. ವಿಮಾನವನ್ನು ಕೆಳಗಿಳಿಸಿ, ಗಾಡಿ ಬರುವ ಮೊದಲು ಮಾಡುತ್ತಿದ್ದಂತೆ ಕೈಯಲ್ಲಿ ಹಿಡಿದು ಅಗಸಿ ದಾಟಿಸುವುದು. ಹೆಗಲ ಮೇಲೆ ಹೊತ್ತರೆ ಎತ್ತರ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಮೊಣಕಾಲಿನ ಮಟ್ಟದಲ್ಲಿ ಬಾಗಿಕೊಂಡೇ ಸಾಗಿಸಬೇಕು. ಆರು ಜನ ಬೇಕು. ಐವರು ಮುಂದೆ ಬಂದರು, ಎಲ್ಲರೂ ನರೆತವರು. ಆರನೆಯವರಾಗಿ ಕರಿಬಸಯ್ಯನವರು ಮೂಲೆಯ ಕಬ್ಬಿಣಕ್ಕೆ ಕೈ ಹಾಕಿದರು.

ಬಸವೇಶ್ವರಿ ಗಾಡಿಯಿಂದ ಇಳಿದು ಬಂದು ಅವರ ಎದುರು ನಿಂತಳು.

"ನೀವು ಸರೀರಿ, ಸರ."

ಅಷ್ಟೇ ಹೇಳಿದಳು. ಹೆಂಗಸರು ವಿಮಾನಕ್ಕೆ ಕೈ ಕೊಡುವ ವಾಡಿಕೆ ಅಲ್ಲಿರಲಿಲ್ಲ. ಶಿವಕಾಂತ ಬಾಯಿ ತೆರೆದವನು ಆಕೆಯ ಮುಖ ನೋಡಿ ಪಕ್ಕಕ್ಕೆ ಸರಿದ. ಕರಿಬಸಯ್ಯನವರು ಕೈ ತೆಗೆದರು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೂಲೆಯನ್ನು ಹಿಡಿದಳು.

ಆರು ಜನವೂ ಏಡಿಗಳಂತೆ ಬಾಗಿ, ಅಡ್ಡಡ್ಡವಾಗಿ ಹೆಜ್ಜೆ ಇಡುತ್ತ ಅಗಸಿಯ ಕೆಳಗೆ ಸಾಗಿದರು. ಕಳಸ ಅಡ್ಡಗಲ್ಲಿನ ಕೆಳಗೆ ನುಸುಳಿತು. ಇನ್ನೇನು ದಾಟಿದರು ಎನ್ನುವಾಗ ಹಿಂದಿನ ಮುದುಕನೊಬ್ಬನ ಒದ್ದೆ ಕೈ ಜಾರಿ ಒಂದು ಮೂಲೆ ನೆಲಕ್ಕೆ ತಾಗಿತು. ಕಬ್ಬಿಣ ಸಿಮೆಂಟಿಗೆ ತಾಗಿದ ಸದ್ದು ಸಣ್ಣದು. ಆದರೆ ಅಲ್ಲಿದ್ದ ಪ್ರತಿಯೊಬ್ಬರೂ ಅದನ್ನು ಕೇಳಿದರು. ನೆಲ ಮುಟ್ಟಬಾರದ್ದು ನೆಲ ಮುಟ್ಟಿತ್ತು. ಆ ಮುದುಕ ಅಲ್ಲೇ ನಿಂತು ಅಳತೊಡಗಿದ.

"ಇರ್ಲಿ ಬಿಡ್ರಿ ಕಾಕಾ," ಎಂದಳು ಬಸವೇಶ್ವರಿ. "ನಮ್ಮವ್ವಗ ನೆಲ ಹೊಸಾದೇನಲ್ಲ. ಎತ್ತರಿ."

ಆಚೆ ಗಾಡಿ ಬಂದು ನಿಂತಿತು. ವಿಮಾನವನ್ನು ಮತ್ತೆ ಮೇಲೆ ಇಟ್ಟರು. ಅರ್ಧ ಗಾಳಿ ಇಳಿದ ಟೈರುಗಳಲ್ಲೇ ಜಿಪ್ಸಿ ಹಳ್ಳದ ರಾಡಿಗೆ ಇಳಿಯಿತು. ಜಾರಲಿಲ್ಲ, ಹೂತುಕೊಳ್ಳಲಿಲ್ಲ, ತಳಕ್ಕೆ ಕಲ್ಲು ತಾಗಲಿಲ್ಲ. ಕರಿಬಸಯ್ಯನವರು ಸಭೆಯಲ್ಲಿ ಹೇಳಿದಂತೆಯೇ ದಾಟಿತು. ಅದನ್ನು ಯಾರೂ ಗಮನಿಸಲಿಲ್ಲ. ಅವರಿಗೂ ಅತ್ತ ನೋಡುವ ಮನಸ್ಸಿರಲಿಲ್ಲ.

ಮಣ್ಣು ಕೊಟ್ಟ ಮೇಲೆ ಎಲ್ಲರೂ ಸಂಗಮ್ಮನ ಮನೆಗೆ ಹಿಂದಿರುಗಿದರು. ಕಾಲು ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ, ಮಾತಾಡದೆ ಹೊರಡಬೇಕು. ಹೋಗಿ ಬರುತ್ತೇನೆ ಎಂದು ಹೇಳುವಂತಿಲ್ಲ. ಬಸವೇಶ್ವರಿ ಬಾಗಿಲಲ್ಲಿ ನಿಂತು ಚರಿಗೆಯಿಂದ ಕಾಲಿಗೆ ನೀರು ಹಾಕುತ್ತಿದ್ದಳು. ಕರಿಬಸಯ್ಯನವರ ಸರದಿ ಬಂದಾಗ ಅವರ ಕಾಲಿಗೂ ಹಾಕಿದಳು, ಇತರರಿಗೆ ಹಾಕಿದಷ್ಟೇ.

ತಲೆ ತಗ್ಗಿಸಿ ನಿಂತಿದ್ದ ಅವರಿಗೆ ಆ ಮನೆಯ ಮೆಟ್ಟಿಲು ಕಾಣಿಸಿತು. ಮೊದಲು ಅಲ್ಲಿ ಮೂರು ಮೆಟ್ಟಿಲುಗಳಿದ್ದವು. ಶಾಲೆ ಬಿಟ್ಟ ಮೇಲೆ ಹುಡುಗಿಯರು ಅವುಗಳ ಮೇಲೆ ಸಾಲಾಗಿ ಕುಳಿತು ಮಗ್ಗಿ ಹೇಳುತ್ತಿದ್ದದ್ದನ್ನು ಅವರೇ ಕಂಡಿದ್ದರು. ಈಗ ಎರಡು ಇದ್ದವು. ಉಳಿದದ್ದು ರಸ್ತೆಯ ಕೆಳಗಿತ್ತು. 'ನಮ್ಮ ಮನಿ ಮುಂದ' ಎಂದು ಆಕೆ ಸಭೆಯಲ್ಲಿ ಆರಂಭಿಸಿದ ಮಾತು ಎಲ್ಲಿಗೆ ಹೋಗುತ್ತಿತ್ತು ಎಂಬುದು ಅವರಿಗೆ ಅಲ್ಲಿ ತಿಳಿಯಿತು. ಕೇಳಿದ್ದರೆ ಅರ್ಧ ನಿಮಿಷದ ಮಾತು.

ಏನಾದರೂ ಹೇಳಬೇಕೆಂದು ಅವರು ಮುಖವೆತ್ತಿದರು. ಹೇಳುವ ವಾಡಿಕೆ ಇರಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ದೀಪ ನೋಡಿ ಹೊರಟುಹೋದರು.

ಮನೆಯಲ್ಲಿ ಅವರು ಊಟಕ್ಕೆ ಕುಳಿತು ಉಣ್ಣದೆ ಎದ್ದರು. ಹಲವು ದಿನ ಪಡುವಣ ಅಗಸಿಯ ಕಡೆಗೆ ಹೋಗಲಿಲ್ಲ. ಬಜಾರಿಗೆ ಹೋಗಬೇಕಾದರೆ ಸುತ್ತುಹಾಕಿ ಹೋದರು. ಎದುರು ಸಿಕ್ಕ ಹಳೆಯ ವಿದ್ಯಾರ್ಥಿಗಳು ಮೊದಲಿನಂತೆಯೇ ಕೈ ಮುಗಿದರು. ಮುಗಿದ ಕೈಗಳನ್ನು ನೋಡಲು ಅವರಿಗೆ ಕಷ್ಟವಾಯಿತು. ರಸ್ತೆ ಹಾಕಿದವರನ್ನು ದೂಷಿಸಲು ಒಬ್ಬಿಬ್ಬರು ಅವರಿಗೆ ದಾರಿ ತೋರಿಸಿದರು. "ನಿಮ್ಮದೇನು ತಪ್ಪಿಲ್ರಿ ಮಾಸ್ತರ್ರ, ಗುತ್ತೇದಾರ ಹಳೇದು ಕೀಳದ ಮ್ಯಾಲೆ ಹಾಕಿದ," ಎಂದರು. ಆ ದಾರಿ ಅಗಲವಾಗಿತ್ತು. ಅವರು ಹಿಡಿಯಲಿಲ್ಲ. ಸಭೆಯಲ್ಲಿ ಬಸವೇಶ್ವರಿಯ ಮಾತು ತಡೆದು ಕುಳ್ಳಿರಿಸಿದ್ದು ಸಿಮೆಂಟಲ್ಲ.

ಸಂಗಮ್ಮನ ಕಾರ್ಯಗಳೆಲ್ಲ ಮುಗಿದ ಮೇ‍ಲೆ ಅವರು ಶಿವಕಾಂತನ ಮನೆಗೆ ಹೋದರು.

"ಸಭಾ ಕರೀಬೇಕು. ಜುಲೈದಾಗ ಬಂದಿದ್ದ ಮಂದಿ ಎಲ್ಲಾರೂ ಬರಬೇಕು."

"ಆಕಿ ಮನಿಗೇ ಹೋಗಿ ಒಂದು ಮಾತು ಅಂದ್ರ ಆಗ್ತೈತಲ್ರಿ ಮಾಸ್ತರ್ರ. ಸಭಾ ಯಾಕ? ನಿಮ್ಮ ವಯಸ್ಸಿಗೆ—"

"ಅಂದದ್ದು ಸಭಾದಾಗ."

ಶಿವಕಾಂತ ಮನೆಮನೆಗೆ ಹೇಳಿ ಕಳುಹಿಸಿದ. ಮಕ್ತಲದಲ್ಲಿ ಮಗಳ ಮನೆಯಲ್ಲಿದ್ದ ಒಬ್ಬರನ್ನೂ ಕರೆಸಿದ. ಆ ಭಾನುವಾರ ಪಡಸಾಲೆ ತುಂಬಿತು. ಕರಿಬಸಯ್ಯನವರು ಅಭ್ಯಾಸದಂತೆ ಎಣಿಸಿ, ಎದ್ದು ನಿಂತರು.

"ಜುಲೈ ಏಳಕ್ಕ ಈ ಪಡಸಾಲ್ಯಾಗ ಬಸವೇಶ್ವರಿ ಒಂದು ಮಾತು ಹೇಳಾಕ ಹತ್ತಿದ್ಲು. ನಾ ಮುಗಸಾಕ ಬಿಡಲಿಲ್ಲ. ಆಕಿ ಸಣ್ಣಾಕಿದ್ದಾಗಿನ ಲೆಕ್ಕ ತೆಗೆದು ನಗಚಾಟ್ಲಿ ಮಾಡಿದೆ. ನಿಮ್ಮನ್ನೂ ನಗಿಸಿದೆ. ಅಗಸಿ ಹತ್ತೂವರಿ ಫೂಟಿಲ್ಲ. ಹತ್ತು ಐತಿ. ನಿನ್ನೆ ಅಳದು ಬಂದೀನಿ. ಆಕಿ ಹೇಳಿದ ಟೈರು ಹಾಕಿದ್ರ, ಗಾಡಿ ಎತ್ತರಸೋ ಕೆಲಸಾನೂ ಇರತಿರಲಿಲ್ಲ, ಸಂಗಮ್ಮ ಕುಂತಲ್ಲಿಂದ ಅಲಗತಿರಲಿಲ್ಲ. ತಪ್ಪು ಟೈರಿಂದಲ್ಲ, ರಸ್ತಾದ್ದಲ್ಲ. ನಂದು."

ಅವರು ಬಸವೇಶ್ವರಿಯ ಕಡೆಗೆ ತಿರುಗಿದರು.

"ಅವತ್ತಿನ ಮಾತು ಈಗ ಮುಗಸವ್ವಾ."

ಆಕೆ ಎದ್ದಳು.

"ನಮ್ಮ ಮನಿ ಮುಂದ ಮೂರು ಮೆಟ್ಟಲಾ ಇದ್ವು. ಈಗ ಎರಡ ಅದಾವು. ರಸ್ತಾ ಮ್ಯಾಲೆ ಬಂದೈತಿ, ಅಗಸಿ ಕೆಳಗ ಬಂದೈತಿ. ಅದಕ್ಕ ಅಳಿಯೂಣ್ರಿ ಅಂತ ಹೇಳಾಕ ನಿಂತಿದ್ದೆ." ಶಿವಕಾಂತನ ಕಡೆ ತಿರುಗಿ ಸೇರಿಸಿದಳು. "ನಾಳೆ ಗದ್ವಾಲಕ್ಕ ಹೋಗಿ ಎರಡು ಹದಿನೈದು ಹಾಕಿಸ್ಕೊಂಡು ಬರ್ತೀನಿ. ಮಕ್ತಲದಾಗ ಆ ಕೊಂಡಿ ತೆಗಸ್ತೀನಿ. ಹಲ್ಲು ಅವ ಅದಾವು, ರಾಡಿ ದಾಟತೈತಿ. ಮುಗೀತ್ರಿ ನನ್ನ ಮಾತು."

"ಎಲ್ಲಾರೂ ಕೇಳಿದ್ರಲ್ಲಾ?" ಎಂದು ಕರಿಬಸಯ್ಯನವರು ಕೇಳಿದರು. ಪಾಠ ಮುಗಿದಾಗ ಕೇಳುತ್ತಿದ್ದ ಪ್ರಶ್ನೆ. ಬಾಯಿಗೆ ತಾನಾಗಿ ಬಂದಿತ್ತು.

"ಎಲ್ಲಾರೂ ಅಲ್ರಿ ಸರ," ಎಂದಳು ಬಸವೇಶ್ವರಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ನನ್ನ ಮಾತು ಮುಗಿದಿಲ್ಲ ಅಂತ ಒಬ್ಬಾಕಿ ಹೇಳಿದ್ಲು. ಇವತ್ತಿನ ಮಾತು ಆಕಿ ಕೇಳಲಿಲ್ಲ."

ಕರಿಬಸಯ್ಯನವರಿಗೆ ಅದು ಗೊತ್ತಿತ್ತು. ಜುಲೈಯಲ್ಲಿ ಮೂವತ್ತೊಂದು; ಈ ಸಲ ಅವರು ಎಣಿಸಿದಾಗ ಬಂದದ್ದು ಮೂವತ್ತು. ಕಂಬದ ಬುಡವನ್ನು ಯಾರೂ ಹೇಳದೆಯೇ ಎಲ್ಲರೂ ಖಾಲಿ ಬಿಟ್ಟು ಕುಳಿತಿದ್ದರು. ಅವರು ಆ ಜಾಗಕ್ಕೆ ಕೈ ಮುಗಿದು, ಸಾಲಿನ ಕೊನೆಯಲ್ಲಿ ಹೋಗಿ ಕುಳಿತರು. ಮೂವತ್ತು ಜನರ ಮುಂದೆ ಕೊಡಬೇಕಾದದ್ದನ್ನು ಕೊಟ್ಟಿದ್ದರು. ಒಬ್ಬಳದು ಉಳಿಯಿತು.